ಎರಡು ಬಾಗಿಲುಗಳ ನಡುವೆ

(ಬಾನುಲಿ ಭಾಷಣ)

ನಾನು ಯಲಹಂಕದ ಉಪನಗರದಲ್ಲಿ ವಾಸವಾಗಿರುವವನು. ಮೂವತ್ತಕ್ಕೂ ಹೆಚ್ಚು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ಮೇಲೆ ನನಗೆ ತಾನಾಗಿಯೇ ಒಂದು ಹೊಸ ಉದ್ಯೋಗ ದೊರೆಯಿತು. ನೆಂಟರಿಷ್ಟರನ್ನು ವಿಮಾನನಿಲ್ದಾಣದಲ್ಲಿ ಎದುರುಗೊಳ್ಳುವುದು ಮತ್ತು ಬೀಳ್ಕೊಡುವುದೇ ಆ ಉದ್ಯೋಗ. ಜಯನಗರದಲ್ಲೋ ಬನಶಂಕರಿಯಲ್ಲೋ ಮನೆ ಮಾಡಿಕೊಂಡಿರುವವರಿಗೆ ದೇವನಹಳ್ಳಿಯ ದಾರಿ ದೂರ. ನನಗೆ ಅರ್ಧ ಗಂಟೆಯ ದಾರಿ. ಆದುದರಿಂದ ಬಂಧುವರ್ಗದಲ್ಲಿ ಯಾರು ಸಮುದ್ರ ದಾಟಿದರೂ, ಯಾರು ದಾಟಿ ಬಂದರೂ, ದೂರವಾಣಿಯ ಕರೆ ಮೊದಲು ಬರುವುದು ನಮ್ಮ ಮನೆಗೆ. ಇದರಲ್ಲಿ ನನಗೆ ಬೇಸರವೇನೂ ಇಲ್ಲ. ಬರುವವರ ಮುಖದಲ್ಲಿನ ಆಯಾಸ, ಹೋಗುವವರ ಮುಖದಲ್ಲಿನ ಆತುರ, ಇವೆರಡನ್ನೂ ನೋಡುತ್ತ ನಿಂತಿರುವುದು ವಯಸ್ಸಾದವನಿಗೆ ಒಂದು ಬಗೆಯ ಓದೇ ಸರಿ.

ಆದರೆ ಈ ಬರುವವರು, ಹೋಗುವವರು ಎಂಬ ಎರಡು ವರ್ಗಗಳ ನಡುವೆ ಮೂರನೆಯದೊಂದಿದೆ. ಅವರು ಬಂದವರೂ ಅಲ್ಲ, ಹೋದವರೂ ಅಲ್ಲ. ಪರದೇಶದಿಂದ ಒಂದು ವಿಮಾನದಲ್ಲಿ ಇಳಿದು, ಮೂರೋ ನಾಲ್ಕೋ ಗಂಟೆ ಕಾದು, ಇನ್ನೊಂದು ವಿಮಾನ ಹತ್ತಿ ಊರಿಗೆ ಮುಂದುವರಿಯುವವರು. ಇವರ ಟಿಕೆಟ್ಟಿನಲ್ಲಿ ಬೆಂಗಳೂರಿನ ಹೆಸರಿರುತ್ತದೆ, ಮನಸ್ಸಿನಲ್ಲಿ ಇರುವುದಿಲ್ಲ. ಇಳಿದ ಕಟ್ಟಡ ಒಂದು, ಹತ್ತಬೇಕಾದ ಕಟ್ಟಡ ಇನ್ನೊಂದು. ಆ ಎರಡರ ನಡುವಿನ ಒಂದು ತುಂಡು ದಾರಿಯನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಆ ಕಟ್ಟಡಗಳನ್ನು ನಾವು ಟರ್ಮಿನಲ್ ಎಂದು ಕರೆಯುತ್ತೇವೆ. ಪಾಠ ಹೇಳಿದವನ ಚಾಳಿ, ಪದದ ಮೂಲಕ್ಕೆ ಹೋಗದೆ ತೃಪ್ತಿಯಿಲ್ಲ. ಟರ್ಮಿನಸ್ ಎಂಬುದು ಪ್ರಾಚೀನ ರೋಮನರ ಒಬ್ಬ ದೇವತೆ, ಗಡಿಕಲ್ಲಿನ ಅಧಿದೇವತೆ. ಒಬ್ಬನ ಹೊಲ ಮುಗಿದು ಇನ್ನೊಬ್ಬನ ಹೊಲ ಮೊದಲಾಗುವಲ್ಲಿ ನೆಟ್ಟ ಕಲ್ಲಿಗೆ ಅವರು ಪೂಜೆ ಸಲ್ಲಿಸುತ್ತಿದ್ದರು. ನಮ್ಮಲ್ಲಿಯೂ ಇದು ಅಪರಿಚಿತವಲ್ಲ. ದಾನ ಕೊಟ್ಟ ಭೂಮಿಯ ಎಲ್ಲೆಯಲ್ಲಿ ನೆಟ್ಟ ಲಿಂಗಮುದ್ರೆಯ ಕಲ್ಲು, ವಾಮನಮುದ್ರೆಯ ಕಲ್ಲುಗಳನ್ನು ಕನ್ನಡನಾಡಿನ ಹೊಲಗಳಲ್ಲಿ ಇಂದಿಗೂ ಕಾಣಬಹುದು. ಬಳ್ಳಾರಿ ರಸ್ತೆಯಲ್ಲಿ ವಿಮಾನನಿಲ್ದಾಣಕ್ಕೆ ಹೊರಟವರು ಮೇಖ್ರಿ ವೃತ್ತದ ಬಳಿ ಒಂದು ಪುಟ್ಟ ಗೋಪುರವನ್ನು ಹಾದುಹೋಗುತ್ತಾರೆ. ಬೆಂಗಳೂರು ಇಲ್ಲಿಯವರೆಗೆ ಬೆಳೆದೀತು ಎಂದು ಕೆಂಪೇಗೌಡರ ವಂಶದವರು ಕಟ್ಟಿಸಿದ ನಾಲ್ಕು ಗೋಪುರಗಳಲ್ಲಿ ಅದು ಉತ್ತರ ದಿಕ್ಕಿನದು ಎಂಬುದು ಪ್ರತೀತಿ. ಬೆಂಗಳೂರು ಆ ಗಡಿಯನ್ನು ಎಂದೋ ದಾಟಿತು. ಹೆಬ್ಬಾಳ ದಾಟಿತು, ನಮ್ಮ ಯಲಹಂಕವನ್ನೂ ನುಂಗಿತು. ಯಲಹಂಕ ನಾಡಪ್ರಭುವಿನ ಹೆಸರೇ 2013ರಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣಕ್ಕೆ ಬಂದಿತು. 2022ರ ನವೆಂಬರಿನಲ್ಲಿ ಆತನ 108 ಅಡಿಯ ಪ್ರತಿಮೆಯೂ ಅಲ್ಲಿ ಎದ್ದು ನಿಂತಿತು. ಹಳೆಯ ಗಡಿ ಅಳಿಸಿಹೋದರೆ ಹೊಸ ಗಡಿ ಹುಟ್ಟುತ್ತದೆ. ಟರ್ಮಿನಲ್ ಅಂಥದೊಂದು ಗಡಿಕಲ್ಲು.

ದಾರಿಯ ನಡುವೆ ಇಳಿದು ಬೇರೆ ವಾಹನ ಹತ್ತುವ ಕಷ್ಟ ವಿಮಾನದೊಂದಿಗೆ ಹುಟ್ಟಿದ್ದಲ್ಲ. ಅರವಟ್ಟಿಗೆ, ಛತ್ರ, ಸುಂಕದಕಟ್ಟೆ, ಕಡವು ಮುಂತಾಗಿ ನಮ್ಮ ಭಾಷೆಯಲ್ಲಿ ಇರುವ ಮಾತುಗಳೆಲ್ಲ ದಾರಿ ಒಂದೇ ಎಳೆಯಲ್ಲಿ ಸಾಗುತ್ತಿರಲಿಲ್ಲ ಎಂಬುದಕ್ಕೆ ಸಾಕ್ಷಿ. ರೈಲು ಬಂದ ಮೇಲಾದರೂ ದಾರಿ ಒಂದಾಯಿತೇ? ಇಲ್ಲ. ಬೆಂಗಳೂರಿನಿಂದ ಮದರಾಸಿಗೆ ಬ್ರಾಡ್‌ಗೇಜ್. ಮೈಸೂರಿಗೂ ಹುಬ್ಬಳ್ಳಿಗೂ ಮೀಟರ್‌ಗೇಜ್. ನಮ್ಮ ಯಲಹಂಕದಿಂದ ಚಿಕ್ಕಬಳ್ಳಾಪುರ, ಕೋಲಾರಗಳ ಮೂಲಕ ಬಂಗಾರಪೇಟೆಗೆ ಹೋಗುತ್ತಿದ್ದದ್ದು ಎರಡೂವರೆ ಅಡಿ ಅಗಲದ ಹಳಿಯ ಮೇಲಿನ ಪುಟ್ಟ ಗಾಡಿ. ಒಂದು ಹಳಿಯ ಮೇಲಿನ ಗಾಡಿ ಇನ್ನೊಂದು ಹಳಿಯ ಮೇಲೆ ಓಡಲಾರದು. ಹೀಗಾಗಿ ಸಂಧಿಸ್ಥಾನಗಳಲ್ಲಿ ಜನರು ಗಂಟುಮೂಟೆ ಹೊತ್ತು, ಮಕ್ಕಳ ಕೈ ಹಿಡಿದು, ಒಂದು ಪ್ಲಾಟ್‌ಫಾರಂನಿಂದ ಮತ್ತೊಂದಕ್ಕೆ ಓಡಬೇಕಿತ್ತು. ಆ ಪುಟ್ಟ ಗಾಡಿ ಹೋಗುತ್ತಿದ್ದ ದಾರಿಯಲ್ಲಿ ಈಗ ಅಗಲವಾದ ಹಳಿ ಬಿದ್ದಿದೆ. 2021ರಲ್ಲಿ ಅದೇ ದಾರಿಯಲ್ಲಿ ವಿಮಾನನಿಲ್ದಾಣಕ್ಕೆಂದು ಒಂದು ರೈಲು ನಿಲುಗಡೆಯೂ ಆರಂಭವಾಯಿತು. ವಿಮಾನಯುಗದ ಸಂಧಿಸ್ಥಾನ ಹಳೆಯ ರೈಲುದಾರಿಯ ಮಗ್ಗುಲಲ್ಲೇ ಬಂದು ಕುಳಿತಿರುವುದು ನನಗೆ ಉಚಿತವಾಗಿಯೇ ತೋರುತ್ತದೆ.

ನನ್ನ ಸ್ವಂತ ಸಂಧಿಸ್ಥಾನ ಮಂಗಳೂರು. ನಾನು ಕಾಸರಗೋಡಿನ ಕಡೆಯವನು. ಕುಂಬಳೆಯ ಸಮೀಪ ನಮ್ಮ ಮನೆ. ನಾವು ಕದಲದಿದ್ದರೂ 1956ರ ನವೆಂಬರ್ ಒಂದರಂದು ರಾಜ್ಯದ ಗಡಿ ನಮ್ಮ ಅಂಗಳವನ್ನು ದಾಟಿ ಆಚೆಗೆ ಹೋಯಿತು. ಕನ್ನಡ ಮಾತನಾಡುತ್ತಿದ್ದ ಮನೆ ಕೇರಳದೊಳಗಾಯಿತು. ಅದು ಬೇರೆಯ ಕಥೆ. 1980ರಲ್ಲಿ ನಾನು ಎಂ.ಎ. ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಲು ಹೊರಟೆ. ಕುಂಬಳೆಯಿಂದ ಮಂಗಳೂರಿಗೆ ಬ್ರಾಡ್‌ಗೇಜ್ ರೈಲು. ಮಂಗಳೂರಿನಿಂದ ಹಾಸನದ ಮಾರ್ಗವಾಗಿ ಬೆಂಗಳೂರಿಗೆ ಮೀಟರ್‌ಗೇಜ್. ಘಟ್ಟವನ್ನು ಹತ್ತುವ ಆ ದಾರಿ ಅದರ ಹಿಂದಿನ ವರ್ಷವಷ್ಟೇ ತೆರೆದಿತ್ತು. ಎರಡು ಗಾಡಿಗಳ ನಡುವೆ ಒಂದು ಗಂಟೆಯೋ ಒಂದೂವರೆ ಗಂಟೆಯೋ ಬಿಡುವು. ನನ್ನ ಅಕ್ಕನನ್ನು ಮಂಗಳೂರಿಗೆ ಕೊಟ್ಟಿತ್ತು. ಆಕೆ ಬರುತ್ತೇನೆಂದು ಹೇಳಿರಲಿಲ್ಲ. ನಾನು ಟ್ರಂಕು ಹೊತ್ತು ಒಂದು ಗಾಡಿಯಿಂದ ಇಳಿಯುವಷ್ಟರಲ್ಲಿ ಆಕೆ ಎದುರಿಗೆ ನಿಂತಿದ್ದಳು. ಕೈಯಲ್ಲಿ ಬಾಳೆಲೆಯಲ್ಲಿ ಕಟ್ಟಿದ ಮೊಸರನ್ನ, ಮಿಡಿ ಉಪ್ಪಿನಕಾಯಿ. ಪ್ಲಾಟ್‌ಫಾರಂನ ಬೆಂಚಿನ ಮೇಲೆ ಕುಳಿತು ನಾನು ಉಂಡೆ. ಆಕೆ ನೋಡುತ್ತ ಕುಳಿತಳು. ಏನು ಮಾತನಾಡಿದೆವೋ ಒಂದೂ ನೆನಪಿಲ್ಲ. ಊಟದ ರುಚಿ ಮಾತ್ರ ನೆನಪಿದೆ.

ಶ್ರೋತೃಗಳೇ, ಈಗ ವಿಮಾನದ ವಿಷಯಕ್ಕೆ ಬರೋಣ. ವಿದೇಶದಿಂದ ಬಂದವರು ಬೆಂಗಳೂರಿನಲ್ಲಿ ಇಳಿದು ಮಂಗಳೂರಿಗೋ ಹುಬ್ಬಳ್ಳಿಗೋ ಹೋಗಬೇಕಾದರೆ, ಒಂದು ಕಡೆ ಇಳಿದು ಇನ್ನೊಂದು ಕಡೆ ಹತ್ತಿದರೆ ಮುಗಿಯಿತಲ್ಲ ಎಂದು ತೋರುತ್ತದೆ. ಹಾಗೆ ಆಗುವುದಿಲ್ಲ. ಪರದೇಶದಿಂದ ಬಂದ ಮನುಷ್ಯ ನಮ್ಮ ನೆಲವನ್ನು ಮೊದಲು ಮುಟ್ಟುವುದು ಎಲ್ಲಿಯೋ ಅಲ್ಲಿಯೇ ಆತನ ಪಾಸ್‌ಪೋರ್ಟಿಗೆ ಮುದ್ರೆ ಬೀಳಬೇಕು; ಆತನ ಪೆಟ್ಟಿಗೆ ಸುಂಕದವರ ಕಣ್ಣಿಗೆ ಬೀಳಬೇಕು. ಇದಕ್ಕೆ ಕಾರಣ ಸರಳವಾದದ್ದು. ಮಂಗಳೂರಿಗೆ ಹೋಗುವ ಎರಡನೆಯ ವಿಮಾನದಲ್ಲಿ ಬೆಂಗಳೂರಿನಿಂದಲೇ ಹತ್ತಿದ ಜನರೂ ಕೂಡಿರುತ್ತಾರೆ. ಇಳಿದ ಮೇಲೆ ಹೊರನಾಡಿನವರು ಯಾರು, ಒಳನಾಡಿನವರು ಯಾರು, ಯಾರ ಪೆಟ್ಟಿಗೆ ಎಲ್ಲಿಯದು ಎಂದು ಬೇರ್ಪಡಿಸುವುದು ಕಷ್ಟ. ಆದುದರಿಂದ ಪ್ರಯಾಣಿಕ ಮೊದಲ ಊರಿನಲ್ಲಿಯೇ ಸಾಲಿನಲ್ಲಿ ನಿಂತು ಮುದ್ರೆ ಹಾಕಿಸಿಕೊಳ್ಳಬೇಕು. ತಿರುಗುವ ಪಟ್ಟಿಯ ಮೇಲೆ ತನ್ನ ಪೆಟ್ಟಿಗೆ ಬರುವವರೆಗೆ ಕಾಯಬೇಕು. ಘೋಷಿಸುವಂಥದ್ದು ಏನೂ ಇಲ್ಲದವನು ಹಸಿರು ದಾರಿಯಲ್ಲಿ, ಇದ್ದವನು ಕೆಂಪು ದಾರಿಯಲ್ಲಿ ಹೊರಬರಬೇಕು. ಆಮೇಲೆ ಪೆಟ್ಟಿಗೆಯನ್ನು ಮತ್ತೆ ಒಪ್ಪಿಸಿ, ಮತ್ತೊಮ್ಮೆ ಭದ್ರತೆಯ ತಪಾಸಣೆಗೆ ಒಳಗಾಗಿ, ಎರಡನೆಯ ವಿಮಾನದ ಬಾಗಿಲಿಗೆ ಹೋಗಬೇಕು. ಆತ ಟಿಕೆಟ್ಟಿನ ಪ್ರಕಾರ ಇನ್ನೂ ಪ್ರಯಾಣದಲ್ಲಿದ್ದಾನೆ. ಕಾನೂನಿನ ಪ್ರಕಾರ ದೇಶಕ್ಕೆ ಬಂದು ಸೇರಿದ್ದಾನೆ.

ಬೆಂಗಳೂರಿನ ವಿಮಾನಗಳು 2008ರ ಮೇ 24ರಂದು ಎಚ್.ಎ.ಎಲ್. ನಿಲ್ದಾಣವನ್ನು ಬಿಟ್ಟು ದೇವನಹಳ್ಳಿಗೆ ಬಂದಾಗ ಅಲ್ಲಿ ಇದ್ದದ್ದು ಒಂದೇ ಟರ್ಮಿನಲ್. ಹೊರನಾಡಿನ ವಿಮಾನ, ಒಳನಾಡಿನ ವಿಮಾನ ಎರಡಕ್ಕೂ ಅದೇ ಸೂರು. ಎರಡನೆಯ ಟರ್ಮಿನಲ್ಲಿನ ಉದ್ಘಾಟನೆ ನಡೆದದ್ದು 2022ರ ನವೆಂಬರ್ 11ರಂದು. ಅಲ್ಲಿಂದ ವಿಮಾನಸಂಚಾರ ಮೊದಲಾದದ್ದು 2023ರ ಜನವರಿ 15ರಂದು. ಆ ದಿನ ಅಲ್ಲಿಂದ ಹೊರಟ ಮೊದಲ ವಿಮಾನ ದೂರದ ಯಾವ ಮಹಾನಗರಕ್ಕೂ ಹೋಗದೆ ನಮ್ಮ ಕಲಬುರಗಿಗೆ ಹೋಯಿತೆಂಬುದು ನನಗೆ ಸಂತೋಷದ ವಿಷಯ. ಅದೇ ವರ್ಷದ ಸೆಪ್ಟೆಂಬರ್ 12ರಿಂದ ಹೊರನಾಡಿನ ವಿಮಾನಗಳೆಲ್ಲ ಎರಡನೆಯ ಟರ್ಮಿನಲ್ಲಿಗೆ ಬಂದವು. ಒಳನಾಡಿನ ವಿಮಾನಗಳು ಎರಡು ಕಡೆಗೂ ಹಂಚಿಹೋದವು. ಹೀಗಾಗಿ ಫ್ರಾಂಕ್‌ಫರ್ಟಿನಿಂದಲೋ ದುಬೈಯಿಂದಲೋ ಬಂದವರಲ್ಲಿ ಕೆಲವರಿಗೆ ಅದೇ ಕಟ್ಟಡದಲ್ಲಿ ಮುಂದಿನ ವಿಮಾನ ದೊರೆಯುತ್ತದೆ. ಇನ್ನು ಕೆಲವರು ಹೊರಗೆ ಬಂದು, ಬಸ್ಸು ಹತ್ತಿ, ಮೊದಲನೆಯ ಟರ್ಮಿನಲ್ಲಿಗೆ ಹೋಗಬೇಕಾಗುತ್ತದೆ.

ಇಲ್ಲಿಯೇ ನನಗೆ ಮುಖ್ಯವೆಂದು ತೋರುವ ಸಂಗತಿ ಇರುವುದು. ಟಿಕೆಟ್ಟಿಲ್ಲದ ನನ್ನಂಥವನಿಗೆ ಎರಡನೆಯ ಟರ್ಮಿನಲ್ಲಿನ ಒಳಗೆ ಪ್ರವೇಶವಿಲ್ಲ. ಮೊದಲನೆಯದರ ಒಳಗೂ ಇಲ್ಲ. ಬಾಗಿಲಲ್ಲಿ ಬಂದೂಕು ಹಿಡಿದ ಕಾವಲುಗಾರ ಟಿಕೆಟ್ಟನ್ನೂ ಗುರುತಿನ ಚೀಟಿಯನ್ನೂ ನೋಡಿಯೇ ಬಿಡುವುದು. ಫ್ರಾಂಕ್‌ಫರ್ಟಿನಂಥ ನಿಲ್ದಾಣದಲ್ಲಿ ಒಂದು ಟರ್ಮಿನಲ್ಲಿನಿಂದ ಇನ್ನೊಂದಕ್ಕೆ 1994ರಿಂದ ಚಾಲಕನಿಲ್ಲದ ರೈಲು ಓಡುತ್ತಿದೆ. ವಿಮಾನ ಬದಲಿಸುವವನು ಕಾವಲಿನ ಒಳಗಡೆಯೇ ಆ ರೈಲಿನಲ್ಲಿ ಸಾಗಿಹೋಗಬಹುದು. ಅದು ಅನುಕೂಲ. ಆದರೆ ಅಂಥ ಕಡೆ ಆ ಊರಿನಲ್ಲಿರುವ ತಮ್ಮನೊಬ್ಬ ಅಕ್ಕನನ್ನು ನೋಡಲಾರ. ನಮ್ಮಲ್ಲಿ ಎರಡು ಕಟ್ಟಡಗಳ ನಡುವಿನ ಬಯಲಿನಲ್ಲಿ ಪ್ರಯಾಣಿಕ ಸ್ವಲ್ಪ ಹೊತ್ತು ಯಾವ ಕಾವಲಿಗೂ ಸೇರದೆ ಬಿಡುಗಡೆಯಾಗುತ್ತಾನೆ. ಅನುಕೂಲದ ದೃಷ್ಟಿಯಿಂದ ಅದು ಕೊರತೆ. ನನಗೆ ಮಾತ್ರ ಅದು ಉಪಕಾರವಾಯಿತು. ಹೇಗೆಂದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ದಕ್ಷಿಣ ಕನ್ನಡ, ಕಾಸರಗೋಡುಗಳ ಮನೆಮನೆಯಿಂದ ಜನ ಕೊಲ್ಲಿಯ ದೇಶಗಳಿಗೆ ಹೋದರು. ಮಂಗಳೂರಿನ ಬಜ್ಪೆಯಲ್ಲಿ 1951ರಿಂದಲೇ ವಿಮಾನ ಇಳಿಯುತ್ತಿದ್ದರೂ ಅಲ್ಲಿಂದ ಕೊಲ್ಲಿಗೆ ನೇರ ವಿಮಾನ ಹೊರಟದ್ದು 2006ರಲ್ಲಿ. ಅಲ್ಲಿಯವರೆಗೆ ಹೆಚ್ಚಿನವರಿಗೆ ಮುಂಬಯಿಯೇ ಹೆಬ್ಬಾಗಿಲು. ಮುಂಬಯಿಯಲ್ಲಿ ಹೊರನಾಡಿನ ವಿಮಾನಗಳು ಸಹಾರದಲ್ಲಿ, ಒಳನಾಡಿನ ವಿಮಾನಗಳು ಸಾಂತಾಕ್ರೂಜಿನಲ್ಲಿ. ಎರಡಕ್ಕೂ ವಿಮಾನ ಇಳಿಯುವ ಓಡುದಾರಿ ಒಂದೇ. ಆದರೆ ಮನುಷ್ಯ ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಊರಿನ ರಸ್ತೆಗೆ ಬಂದು ಕೆಲವು ಕಿಲೋಮೀಟರು ಸುತ್ತಬೇಕು. ಆ ದಾರಿಯನ್ನು ಬೆವರುತ್ತ ಕ್ರಮಿಸಿದ ನಮ್ಮ ಕಡೆಯವರು ಎಷ್ಟು ಸಾವಿರ ಮಂದಿಯೋ! ಗಡಿಯಾರ ನೋಡುತ್ತ, ಟ್ಯಾಕ್ಸಿಯವನನ್ನು ಅವಸರಿಸುತ್ತ, ಜೇಬಿನ ಟಿಕೆಟ್ಟನ್ನು ಮುಟ್ಟಿಮುಟ್ಟಿ ನೋಡಿಕೊಳ್ಳುತ್ತ ಹೋದವರು.

1998ರ ಆಷಾಢದಲ್ಲಿ ನನ್ನ ಅಕ್ಕ ಆ ದಾರಿಯಲ್ಲಿದ್ದಳು. ಭಾವನವರಿಗೆ ಮಸ್ಕತ್ತಿನಲ್ಲಿ ಕೆಲಸ. ಊರಿನಲ್ಲಿ ಅಮ್ಮನಿಗೆ ಕಾಯಿಲೆ ಹೆಚ್ಚಾಗಿತ್ತು. ನಾನು ಬೆಂಗಳೂರಿನಿಂದ ಬಂದು ಹತ್ತಿರವೇ ಇದ್ದೆ. ಒಂದು ರಾತ್ರಿ ನೆರೆಮನೆಯ ದೂರವಾಣಿಯಿಂದ ಮಸ್ಕತ್ತಿಗೆ ಕರೆಮಾಡಿ, ಹೊರಟು ಬಾ ಎಂದು ಹೇಳಿದೆ. ಮರುದಿನ ಬೆಳಗಿನ ವಿಮಾನಕ್ಕೆ ಆಕೆ ಹೊರಟಳು. ಮಧ್ಯಾಹ್ನದ ಹೊತ್ತಿಗೆ ಮುಂಬಯಿ. ಅಲ್ಲಿಂದ ಮಂಗಳೂರಿನ ವಿಮಾನ. ದೀಪ ಹಚ್ಚುವ ಹೊತ್ತಿಗೆ ಮನೆ. ಲೆಕ್ಕ ಹಾಗಿತ್ತು. ಅಕ್ಕ ಆಕಾಶದಲ್ಲಿದ್ದಾಗ ಅಮ್ಮ ತೀರಿಕೊಂಡಳು. ಅಕ್ಕನ ವಿಮಾನ ತಡವಾಗಿ ಇಳಿಯಿತು. ಸಂಜೆ ನಾಲ್ಕರ ಸುಮಾರಿಗೆ ಮುಂಬಯಿಯಿಂದ ಆಕೆಯ ಕರೆ ಬಂತು. ಮಂಗಳೂರಿನ ವಿಮಾನ ತಪ್ಪಿತು, ಇನ್ನು ನಾಳೆಯೇ ಎಂದಳು. ಅಮ್ಮ ಹೋದ ಸುದ್ದಿಯನ್ನು ನಾನು ಆಗ ಹೇಳಿದೆ. ಸ್ವಲ್ಪ ಹೊತ್ತು ತಂತಿಯಲ್ಲಿ ಸದ್ದು ಮಾತ್ರ ಕೇಳಿಸುತ್ತಿತ್ತು. ಕಾಯುತ್ತೀಯಾ ಎಂದು ಆಕೆ ಕೇಳಲಿಲ್ಲ. ಕಾಯುತ್ತೇನೆ ಎಂದು ನಾನೂ ಹೇಳಲಿಲ್ಲ.

ಜಡಿಮಳೆಯ ಕಾಲ. ಹಿರಿಯರು, ನಾಳೆಯವರೆಗೆ ಇಡುವುದು ಬೇಡ, ಮಳೆ ಒಂದಿಷ್ಟು ಬಿಟ್ಟಿದೆ, ಈಗಲೇ ಮುಗಿಸೋಣ ಎಂದರು. ಒಬ್ಬನೇ ಮಗ ನಾನು. ಎಲ್ಲರೂ ನನ್ನ ಮುಖ ನೋಡಿದರು. ಆಗಲಿ ಎಂದೆ. ಮರುದಿನ ಮಧ್ಯಾಹ್ನ ಅಕ್ಕ ಬಂದಳು. ತೋಟದ ಮೂಲೆಯಲ್ಲಿ ಬೂದಿ ಇನ್ನೂ ಬೆಚ್ಚಗಿತ್ತು. ಆಕೆ ಅಲ್ಲಿ ನಿಂತು, "ಮಳೆ ಬಿಟ್ಟಿತ್ತಾ?" ಎಂದು ಮಾತ್ರ ಕೇಳಿದಳು. "ಒಂದು ಗಂಟೆ ಬಿಟ್ಟಿತ್ತು" ಎಂದೆ. ಆ ಎರಡು ಮಾತುಗಳ ಆಚೆಗೆ ಆ ದಿನದ ವಿಷಯವನ್ನು ನಾವು ಇಪ್ಪತ್ತಾರು ವರ್ಷ ಎತ್ತಲಿಲ್ಲ. ಪತ್ರ ಬರೆಯುತ್ತಿದ್ದೆವು, ಮದುವೆ ಮುಂಜಿಗಳಲ್ಲಿ ಕೂಡುತ್ತಿದ್ದೆವು, ನಗುತ್ತಿದ್ದೆವು. ಆದರೆ ಆಕೆ ಸುಮ್ಮನೆ ಕುಳಿತಾಗಲೆಲ್ಲ, ಒಂದು ರಾತ್ರಿ ಕಾಯಲಾರದೆ ಹೋದೆಯಲ್ಲ ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದಾಳೆಂದೇ ನನಗೆ ತೋರುತ್ತಿತ್ತು.

ಭಾವನವರು ತೀರಿಕೊಂಡ ಮೇಲೆ ಅಕ್ಕ ಜರ್ಮನಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಈಗ ಎಪ್ಪತ್ತೈದು ದಾಟಿದೆ. 2024ರ ಡಿಸೆಂಬರಿನಲ್ಲಿ, ಊರಿನಲ್ಲಿ ಒಂದು ಉಪನಯನವಿದೆ, ಬರುತ್ತೇನೆ ಎಂದು ತಿಳಿಸಿದಳು. ರಾತ್ರಿ ಒಂದೂವರೆಗೆ ಬೆಂಗಳೂರಿನ ಎರಡನೆಯ ಟರ್ಮಿನಲ್ಲಿನಲ್ಲಿ ಇಳಿಯುವುದು. ಬೆಳಗಿನ ಜಾವ ಆರರ ನಂತರ ಮೊದಲನೆಯ ಟರ್ಮಿನಲ್ಲಿನಿಂದ ಮಂಗಳೂರಿಗೆ. ನನ್ನ ಹೆಂಡತಿಗೆ ಆ ವಾರವಷ್ಟೇ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿತ್ತು. ನಾನು ಊರಿಗೆ ಹೋಗುವಂತಿರಲಿಲ್ಲ. "ಅಷ್ಟು ಹೊತ್ತಿನಲ್ಲಿ ನೀನು ಬರುವುದು ಬೇಡ, ಮಗಳು ಗಾಲಿಕುರ್ಚಿಗೆ ಹೇಳಿದ್ದಾಳೆ" ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಮಂಗಳೂರಿನ ಪ್ಲಾಟ್‌ಫಾರಂ ನನಗೆ ನೆನಪಾಯಿತು. ಆಗ ಆಕೆಯೂ ಹೇಳದೆಯೇ ಬಂದಿದ್ದಳಲ್ಲವೇ? ಹೆಂಡತಿ, ಕಣ್ಣಿಗೆ ಕಟ್ಟಿದ್ದ ಪಟ್ಟಿಯೊಂದಿಗೇ, ಹೇಗೆ ಮಾಡಬೇಕೆಂದು ಹೇಳಿಕೊಡುತ್ತ ನನ್ನ ಕೈಯಲ್ಲೇ ಮೊಸರನ್ನ ಕಲಸಿಸಿದಳು. ಒಂದು ಫ್ಲಾಸ್ಕಿನಲ್ಲಿ ಜೀರಿಗೆ ಕಷಾಯ. ಕೋಗಿಲು ಕ್ರಾಸಿನಲ್ಲಿ ನಡುರಾತ್ರಿಯ ವಾಯುವಜ್ರ ಬಸ್ಸು ಹತ್ತಿದೆ.

ವಿಮಾನ ಇಳಿದು ಒಂದು ಗಂಟೆಗೂ ಹೆಚ್ಚು ಕಾದ ಮೇಲೆ ಆಕೆ ಹೊರಬಂದಳು. ಗಾಲಿಕುರ್ಚಿಯನ್ನು ತಳ್ಳುತ್ತಿದ್ದ ಹುಡುಗ ರಾಯಚೂರಿನ ಕಡೆಯವನು. "ನಿಮ್ಮವರ ಬಂದಾರ ನೋಡ್ರಿ ಅಮ್ಮಾರ" ಎಂದು ನನ್ನನ್ನು ಆಕೆಗೆ ತೋರಿಸಿದ. ಅಕ್ಕ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಎಂತ ತಮ್ಮಾ, ತಲೆಯೆಲ್ಲ ಬೆಳ್ಳಗಾಗಿದೆಯಲ್ಲ! ಬರಬೇಡ ಅಂದಿದ್ದೆನಲ್ಲ" ಎಂದಳು. ಒಳಗಿನ ಬಿದಿರಿನ ಚಾವಣಿ, ಮೇಲಿನಿಂದ ಇಳಿಬಿಟ್ಟ ಗಿಡಗಳ ವಿಷಯ ಹೇಳಿ, "ಯಾರದ್ದೋ ಮದುವೆಯ ಚಪ್ಪರದ ಒಳಗೆ ಇಳಿದ ಹಾಗಾಯಿತು" ಎಂದಳು. ಬಸ್ಸು ಬರುವ ಕಡೆಗೆ ನಮ್ಮನ್ನು ತಲುಪಿಸಿ, ಅಲ್ಲಿಯೂ ಇಂಥ ಕುರ್ಚಿಯೇ ಸಿಗುತ್ತದೆ, ಬಾಗಿಲಲ್ಲಿ ಕೇಳಿರಿ ಎಂದು ಹೇಳಿ, ಹುಡುಗ ಖಾಲಿ ಕುರ್ಚಿಯನ್ನು ತಳ್ಳಿಕೊಂಡು ಹಿಂದಿರುಗಿದ.

ಸಮಯ ಬೇಕಾದಷ್ಟಿತ್ತು. ಒಂದು ಬಸ್ಸು ಬಂತು, ಅದನ್ನು ಬಿಟ್ಟೆವು. ಬೆಂಚಿನ ಮೇಲೆ ಕುಳಿತೆವು. ಡಿಸೆಂಬರಿನ ಚಳಿ; ದೇವನಹಳ್ಳಿಯ ಬಯಲಿನ ಗಾಳಿ. ನಾನು ಡಬ್ಬಿ ತೆರೆದೆ. ಮಿಡಿ ಉಪ್ಪಿನಕಾಯಿಯ ವಾಸನೆಗೆ ಆಕೆಯ ಮುಖ ಅರಳಿತು. ಮೊದಲ ತುತ್ತು ನುಂಗಿ, "ಉಪ್ಪು ಸ್ವಲ್ಪ ಕಡಿಮೆ" ಎಂದಳು. ಆಮೇಲೆ ಮಾತಿಲ್ಲದೆ ಉಂಡಳು. ನಾನು ನೋಡುತ್ತ ಕುಳಿತೆ. ನಮ್ಮೆದುರು ಜನ ಪೆಟ್ಟಿಗೆಗಳ ಗಾಡಿ ತಳ್ಳುತ್ತ ಹೋಗುತ್ತಿದ್ದರು.

ಹೇಳಬೇಕೆಂದು ಮನೆಯಿಂದಲೇ ಸಿದ್ಧಪಡಿಸಿಕೊಂಡು ಬಂದ ಮಾತು ನನ್ನಲ್ಲಿತ್ತು. ನೂರಾರು ಹುಡುಗರ ಎದುರು ನಿರರ್ಗಳವಾಗಿ ಪಾಠ ಹೇಳಿದ ಬಾಯಿ ಅದನ್ನು ಹೊರಡಿಸಲು ತೊದಲಿತು. ಕೊನೆಗೆ, "ಅಕ್ಕಾ, ಆ ದಿನ ನಾನು ಒಂದು ರಾತ್ರಿ ಕಾಯಬಹುದಿತ್ತು" ಎಂದೆ. ಯಾವ ದಿನ ಎಂದು ಆಕೆ ಕೇಳಲಿಲ್ಲ. ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಟ್ಟಳು.

"ನಾನು ಪೆಟ್ಟಿಗೆಗಾಗಿ ಕಾದೆ, ತಮ್ಮಾ" ಎಂದಳು.

ನನಗೆ ಅರ್ಥವಾಗಲಿಲ್ಲ. ಆಗ ಆಕೆ ಹೇಳಿದ ಸಂಗತಿ ಇದು. ಸಹಾರದಲ್ಲಿ ಪಾಸ್‌ಪೋರ್ಟಿನ ಮುದ್ರೆ ಬೇಗನೆಯೇ ಮುಗಿದಿತ್ತು. ಪೆಟ್ಟಿಗೆ ಬರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಒಬ್ಬ ಹಿರಿಯ ಪ್ರಯಾಣಿಕರು, ತಾಯಿಯ ಸ್ಥಿತಿಯನ್ನು ಕೇಳಿ, "ಪೆಟ್ಟಿಗೆ ಬಿಟ್ಟು ಓಡಿ ಅಮ್ಮಾ, ಆಮೇಲೆ ಯಾರಿಂದಾದರೂ ತರಿಸಿಕೊಳ್ಳಬಹುದು, ಟ್ಯಾಕ್ಸಿ ಹಿಡಿದರೆ ವಿಮಾನ ಸಿಗುತ್ತದೆ" ಎಂದರಂತೆ. ಅಕ್ಕ ಹೊರಡಲಿಲ್ಲ. ಪೆಟ್ಟಿಗೆಯಲ್ಲಿ ಅಮ್ಮನಿಗೆಂದು ತಂದ ಮೆತ್ತನೆಯ ಒಂದು ಕಂಬಳಿ ಇತ್ತು. ಮಳೆಗಾಲದಲ್ಲಿ ಅಮ್ಮನಿಗೆ ಚಳಿ ತಡೆಯುವುದಿಲ್ಲ ಎಂದು ನಾನೇ ಹಿಂದೆ ಪತ್ರದಲ್ಲಿ ಬರೆದಿದ್ದೆನಂತೆ. ಈಗ ಬಂದೀತು, ಇನ್ನೇನು ಬಂದೀತು ಎಂದು ಮುಕ್ಕಾಲು ಗಂಟೆ ನಿಂತಳು. ಪೆಟ್ಟಿಗೆ ಬಂತು, ಸಾಂತಾಕ್ರೂಜಿಗೆ ತಲುಪುವಷ್ಟರಲ್ಲಿ ವಿಮಾನ ಹೋಗಿತ್ತು. "ಅಮ್ಮ ಬೆಳಿಗ್ಗೆಯೇ ಹೋಗಿದ್ದಳು ಅಂತ ನೀನು ಫೋನಿನಲ್ಲಿ ಹೇಳಿದೆ. ಕಂಬಳಿ ನನ್ನ ಕಾಲಿನ ಹತ್ತಿರ ಇತ್ತು. ಕಾಯಿ ಅಂತ ನಿನ್ನ ಹತ್ತಿರ ಯಾವ ಬಾಯಿಂದ ಹೇಳುವುದು? ಇವಳಿಗೆ ಪೆಟ್ಟಿಗೆಯೇ ದೊಡ್ಡದಾಯಿತು ಅಂತ ನೀನು ತಿಳಿದಿದ್ದಿ ಅಂತಲೇ ನಾನು ಇಷ್ಟು ವರ್ಷ..." ಎಂದು ಆಕೆ ನಿಲ್ಲಿಸಿದಳು.

ನನಗೆ ಪೆಟ್ಟಿಗೆಯ ವಿಷಯವೇ ಗೊತ್ತಿರಲಿಲ್ಲ. ಆಕೆಗೆ ನನ್ನ ಮೇಲೆ ಸಿಟ್ಟೇ ಇರಲಿಲ್ಲ. ಇಬ್ಬರೂ ಇನ್ನೊಬ್ಬರ ಮೌನವನ್ನು ತಮ್ಮ ತಮ್ಮ ತಪ್ಪಿನ ಲಿಪಿಯಲ್ಲಿ ಓದಿಕೊಂಡಿದ್ದೆವು. ಹಳೆಯ ಹಸ್ತಪ್ರತಿಗಳ ಪಾಠದೋಷವನ್ನು ಕುರಿತು ತರಗತಿಯಲ್ಲಿ ಗಂಟೆಗಟ್ಟಲೆ ಮಾತನಾಡಿದವನು ನಾನು. ಸ್ವಂತ ಅಕ್ಕನ ಮುಖದಲ್ಲಿ ಇಪ್ಪತ್ತಾರು ವರ್ಷ ತಪ್ಪು ಪಾಠವನ್ನೇ ಓದಿದ್ದೆ. "ಆ ಕಂಬಳಿ ಏನಾಯಿತು?" ಎಂದು ಕೇಳಿದೆ. ಆಕೆ ಯೋಚಿಸಿ, "ಮಸ್ಕತ್ತಿಗೇ ವಾಪಸು ಒಯ್ದೆ. ಮತ್ತೆ ಮನೆ ಬದಲಿಸುವಾಗ ಎಲ್ಲಿಗೆ ಹೋಯಿತೋ ಗೊತ್ತಿಲ್ಲ" ಎಂದಳು. ಕಷಾಯವನ್ನು ಇಬ್ಬರೂ ಒಂದೇ ಮುಚ್ಚಳದಲ್ಲಿ ಸರದಿಯಿಂದ ಕುಡಿದೆವು. ಎರಡನೆಯ ಬಸ್ಸೂ ಹೋಯಿತು. ಮೂರನೆಯದಕ್ಕೆ ಹತ್ತಿದೆವು.

ಬಸ್ಸಿನ ಪ್ರಯಾಣ ಕೆಲವೇ ನಿಮಿಷಗಳದು. ಮೊದಲನೆಯ ಟರ್ಮಿನಲ್ಲಿನ ಬಾಗಿಲಲ್ಲಿ ಆಕೆಯ ಟಿಕೆಟ್ಟು, ಪಾಸ್‌ಪೋರ್ಟು ನೋಡಿದ ಕಾವಲುಗಾರ, ನನ್ನ ಕಡೆ ತಿರುಗಿ, ನೀವು? ಎಂಬಂತೆ ಹುಬ್ಬೇರಿಸಿದ. ನಾನು ಇಲ್ಲಿಯವರೆಗೆ ಎಂದೆ. ಇನ್ನೊಬ್ಬ ಹುಡುಗ ಇನ್ನೊಂದು ಕುರ್ಚಿಯನ್ನು ತಂದ. ಅಕ್ಕ ಕುಳಿತು, ಸೆರಗು ಹೊದ್ದುಕೊಂಡು, "ಹೋಗು ಇನ್ನು, ನಿನಗೂ ಚಳಿ. ಜನವರಿಯಲ್ಲಿ ಹಿಂದೆ ಹೋಗುವಾಗ ಇಲ್ಲಿ ನಾಲ್ಕು ಗಂಟೆ ಇದೆ. ಊರಿನ ಉಪ್ಪಿನಕಾಯಿ ತರುತ್ತೇನೆ" ಎಂದಳು. ಬಾಗಿಲು ದಾಟಿದ ಮೇಲೆ ತಿರುಗಿ ನೋಡಲು ಪ್ರಯತ್ನಿಸಿದಳು. ಕುರ್ಚಿ ಮುಂದಕ್ಕೆ ಹೋಗುತ್ತಿತ್ತು, ಕೈ ಮಾತ್ರ ಕಂ‌ಡಿತು.

ನಾನು ಕೂಡಲೇ ಹಿಂದಿರುಗಲಿಲ್ಲ. ಬೆಳಕು ಹರಿಯುವವರೆಗೆ ಅಲ್ಲಿಯೇ ಇದ್ದೆ. ಆರೂವರೆಯ ಹೊತ್ತಿಗೆ ಒಂದರ ಹಿಂದೊಂದು ವಿಮಾನ ಎದ್ದವು. ಯಾವುದು ಮಂಗಳೂರಿನದೋ ತಿಳಿಯಲಿಲ್ಲ. ಯಾವುದಾದರೇನು ಎಂದುಕೊಂಡು ಬಸ್ಸು ಹತ್ತಿ ಯಲಹಂಕಕ್ಕೆ ಬಂದೆ.

ಶ್ರೋತೃಗಳೇ, ಇದನ್ನು ಹೇಳಿದ ಉದ್ದೇಶ ನಿಮ್ಮ ಅನುಕಂಪವನ್ನು ಬೇಡುವುದಕ್ಕಲ್ಲ. ನಮ್ಮ ಕಾಲದಲ್ಲಿ ಬಂಧುಗಳು ದೂರದೂರ ಹರಡಿಹೋಗಿದ್ದಾರೆ. ಅವರು ಊರಿಗೆ ಬಂದಾಗ ಒಂದೊಂದು ದಿನಕ್ಕೂ ಹತ್ತು ಮನೆಗಳ ಹಕ್ಕುದಾರಿಕೆ ಇರುತ್ತದೆ. ಆ ದಿನಗಳಲ್ಲಿ ಮಾತಿಗೆ ಎಡೆಯಿಲ್ಲ. ಎಲ್ಲರೂ ಇರುವ ಕಡೆ ಯಾರೂ ಯಾರಿಗೂ ಸಿಗುವುದಿಲ್ಲ. ಆದರೆ ಅವರ ಪ್ರಯಾಣದ ನಡುವೆ, ಯಾವ ಮನೆಗೂ ಸೇರದ ಒಂದಿಷ್ಟು ಗಂಟೆಗಳಿರುತ್ತವೆ. ಟಿಕೆಟ್ಟು ಕೊಳ್ಳುವಾಗ ಆ ಗಂಟೆಗಳನ್ನು ಆದಷ್ಟು ಕಡಿಮೆ ಮಾಡಲು ನಾವೆಲ್ಲ ಹೆಣಗುತ್ತೇವೆ. ವಯಸ್ಸಾದವರಿಗೆ ಆತುರದ ಬದಲಾವಣೆ ಕ್ಷೇಮವೂ ಅಲ್ಲ. ಮುದ್ರೆ, ಪೆಟ್ಟಿಗೆ, ಬಸ್ಸು, ತಪಾಸಣೆ ಇಷ್ಟಕ್ಕೂ ಸಮಯ ಬೇಕು. ಆದುದರಿಂದ ಒಂದೆರಡು ಗಂಟೆ ಹೆಚ್ಚಾಗಿಯೇ ಇಟ್ಟುಕೊಳ್ಳಿರಿ ಎಂದು ನಿಮ್ಮವರಿಗೆ ಹೇಳಿರಿ. ಅವರು ನಿಮ್ಮ ಊರನ್ನು ಹಾದುಹೋಗುವುದಾದರೆ, ಬರಬೇಡ ಎಂದರೂ ಹೋಗಿರಿ. ಒಂದು ಡಬ್ಬಿ ಮೊಸರನ್ನ ಒಯ್ಯಿರಿ.

ಜನವರಿಯಲ್ಲಿ ಅಕ್ಕ ಹೇಳಿದಂತೆಯೇ ಬಂದಳು. ಈ ಸಲ ಮೊದಲನೆಯ ಟರ್ಮಿನಲ್ಲಿನಿಂದ ಎರಡನೆಯದಕ್ಕೆ. ಉಪ್ಪಿನಕಾಯಿಯ ಭರಣಿಯನ್ನು ನನ್ನ ಕೈಗಿತ್ತಳು. ನಾಲ್ಕು ಗಂಟೆಯೂ ಊರಿನವರ ವಿಷಯ, ಉಪನಯನದ ಊಟದ ವಿಷಯ, ಅಡಿಕೆಯ ಧಾರಣೆಯ ವಿಷಯ ಮಾತನಾಡಿದೆವು. ಅಮ್ಮನ ಹೆಸರು ಎರಡು ಮೂರು ಸಲ ಬಂತು. ಪಕ್ಕದ ಕೋಣೆಯಲ್ಲಿರುವವರ ಹೆಸರು ಬರುವಷ್ಟು ಸಲೀಸಾಗಿ.